ಹತ್ತೊಂಬತ್ತರಿಂದ ಭಾಗಿಸಿ ನೋಡಿ

ದೊಡ್ಡಬಳ್ಳಾಪುರದ ನಮ್ಮ ಹೈಸ್ಕೂಲಿನ ಕಾಂಪೌಂಡ್ ಗೋಡೆಯ ಮೇಲೆ ಈಗ ನೀಲಿ ಆಯಿಲ್ ಪೇಂಟಿನಲ್ಲಿ ಒಂದು ಸುಳ್ಳು ಬರೆಸಿದ್ದಾರೆ. ನಮ್ಮ ಗಣಿತ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಅವರ ನೆನಪಿಗೆಂದು ಹಳೆಯ ವಿದ್ಯಾರ್ಥಿಗಳ ಸಂಘ ಮಾಡಿಸಿದ ಕೆಲಸ ಇದು. ಮೇಲೆ ಅವರ ಮುಖ, ಕನ್ನಡಕವಿಲ್ಲದೆ. ಕನ್ನಡಕವಿಲ್ಲದ ಮೇಷ್ಟ್ರನ್ನು ನಾನು ಒಂದು ದಿನವೂ ಕಂಡಿಲ್ಲ, ಹೋಗಲಿ. ಕೆಳಗೆ ಮೊಳದುದ್ದದ ಅಂಕಿಗಳಲ್ಲಿ 5,10,511. ಅದರ ಕೆಳಗೆ ಎರಡು ಸಾಲು: "ನಮ್ಮ ಗುರುಗಳ ಮೆಚ್ಚಿನ ಅವಿಭಾಜ್ಯ ಸಂಖ್ಯೆ. ಅವರಂತೆಯೇ, ಯಾರಿಂದಲೂ ಒಡೆಯಲಾಗದ್ದು."

ಒಡೆಯುತ್ತದೆ. ಹತ್ತೊಂಬತ್ತರಿಂದ ಒಡೆಯುತ್ತದೆ, ತೊಂಬತ್ತೇಳರಿಂದ ಒಡೆಯುತ್ತದೆ, ಇನ್ನೂರ ಎಪ್ಪತ್ತೇಳರಿಂದ ಒಡೆಯುತ್ತದೆ. ಈ ಮೂರನ್ನೂ ಗುಣಿಸಿದರೆ ಸರಿಯಾಗಿ ಐದು ಲಕ್ಷದ ಹತ್ತು ಸಾವಿರದ ಐನೂರ ಹನ್ನೊಂದು ಬರುತ್ತದೆ. ಏಳನೆಯ ತರಗತಿಯ ಲೆಕ್ಕ. ಗೋಡೆಗೆ ಸುಣ್ಣ ಹೊಡೆಸಿದವರು, ಪೇಂಟರನ್ನು ಕರೆಸಿದವರು, ರಿಬ್ಬನ್ ಕತ್ತರಿಸಿದವರು, ಫೋಟೋ ಹಾಕಿದ ತಕ್ಷಣ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿಹ್ನೆ ಒತ್ತಿದವರು, ಇಷ್ಟು ಜನರಲ್ಲಿ ಒಬ್ಬರೂ ಮಾಡಲಿಲ್ಲ. ಈ ಸಂಖ್ಯೆ ಅವಿಭಾಜ್ಯವಲ್ಲ ಎಂದು ಹೇಳುವುದಕ್ಕಾಗಿಯೇ ಆ ಮನುಷ್ಯ ತನ್ನ ಕೊನೆಯ ವರ್ಷಗಳನ್ನು ಸವೆಸಿದರು ಎಂಬುದಂತೂ ಯಾರಿಗೂ ನೆನಪಾಗಲಿಲ್ಲ.

ಸತ್ತವರ ತಪ್ಪನ್ನು ಎತ್ತಬಾರದು ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಎತ್ತಿದ್ದು ಗೋಡೆ. ನಾನು ಉತ್ತರ ಕೊಡುತ್ತಿದ್ದೇನೆ, ಅಷ್ಟೆ. ಮತ್ತು ಇದು ಶ್ರದ್ಧಾಂಜಲಿಯೂ ಅಲ್ಲ. ನನಗೆ ಸಂಘದ ಮೇಲೆ ಎಷ್ಟು ಸಿಟ್ಟಿದೆಯೋ ಮೇಷ್ಟ್ರ ಮೇಲೂ ಅಷ್ಟೇ ಇದೆ. ಅವರ ಮೇಲಿನದು ಹಳೆಯದು, ಅಷ್ಟೇ ವ್ಯತ್ಯಾಸ.

ಅವರು ಸಾಸಲು ಕಡೆಯವರು. ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಟಿಕೆಟ್ಟಿನ ಮೇಲಿನ ನಂಬರನ್ನು ದೊಡ್ಡಬಳ್ಳಾಪುರ ಮುಟ್ಟುವಷ್ಟರಲ್ಲಿ ಅದೇ ಟಿಕೆಟ್ಟಿನ ಹಿಂಬದಿಯಲ್ಲಿ ಒಡೆದು ಮುಗಿಸಬೇಕು, ಇದು ಅವರು ತಮಗೆ ತಾವೇ ಹಾಕಿಕೊಂಡಿದ್ದ ನಿಯಮ. ಒಡೆಯದ ದಿನ ಇಳಿದ ಮೇಲೂ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದರು. ಪ್ರಾರ್ಥನೆ ಮುಗಿದರೂ ಬರದಿದ್ದರೆ ಹೆಡ್‌ಮಾಸ್ಟರು ಪ್ಯೂನನ್ನು ಅಲ್ಲಿಗೇ ಕಳಿಸುತ್ತಿದ್ದರು. ಚಾಕ್‌ಪೀಸು ಯಾವಾಗಲೂ ಬಲಗಿವಿಯ ಮೇಲೆ. ಡಸ್ಟರ್ ಮುಟ್ಟುತ್ತಿರಲಿಲ್ಲ, ಬೋರ್ಡನ್ನು ಅಂಗೈಯಿಂದ ಒರೆಸಿ ಅದೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. ಹಾಗಾಗಿ ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಅವರ ಬಲತೊಡೆ ಸುಣ್ಣದ ಗೋಡೆಗೆ ಒರಗಿ ಬಂದವರ ಹಾಗೆ ಕಾಣುತ್ತಿತ್ತು.

ಪಾಠಕ್ಕೆ ಮುಂಚೆ ದಿನಕ್ಕೊಂದು ಸಂಖ್ಯೆಯ ವಿಚಾರಣೆ. ಆ ಮಾತು ಅವರದೇ. ಹಾಜರಿ ಪುಸ್ತಕದಿಂದ ಒಬ್ಬರ ಅಡ್ಮಿಶನ್ ನಂಬರು ಎತ್ತಿ ಬೋರ್ಡಿನ ಮೇಲೆ ಬರೆಯುವರು. ಸಮವೋ ಬೆಸವೋ? ಒಂದನ್ನೂ ತನ್ನನ್ನೂ ಬಿಟ್ಟು ಯಾವುದರಿಂದಲೂ ಭಾಗವಾಗದ ಅವಿಭಾಜ್ಯವೋ, ಭಾಗವಾಗುವ ಸಂಯುಕ್ತವೋ? ಯಾವುದಾದರೂ ಸಂಖ್ಯೆಯ ವರ್ಗವೋ? ಆಮೇಲೆ ಅದನ್ನು ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿಸಬೇಕು. ಮೊತ್ತ ಆ ಸಂಖ್ಯೆಗಿಂತ ಕಡಿಮೆ ಬಂದರೆ ಕೊರತೆ ಸಂಖ್ಯೆ, ಹೆಚ್ಚು ಬಂದರೆ ಸಮೃದ್ಧ ಸಂಖ್ಯೆ, ಆರಕ್ಕೆ ಒಂದು ಎರಡು ಮೂರು ಕೂಡಿಸಿದರೆ ಬರುವ ಹಾಗೆ ಸರಿಸಮ ಬಂದರೆ ಪರಿಪೂರ್ಣ. ಊಹಿಸಿ ಹೇಳಿದವರಿಗೆ ಒಂದೇ ಪ್ರಶ್ನೆ, "ಮಾಡಿ ನೋಡಿದ್ಯಾ?" ಉತ್ತರ ಸರಿಯಿದ್ದರೂ ಅದೇ ಪ್ರಶ್ನೆ. ನನ್ನ ಉತ್ತರ ಸರಿಯಿದೆಯಲ್ಲ ಸಾರ್ ಎಂದು ನಾನು ಒಮ್ಮೆ ವಾದಿಸಿದೆ. ಸರಿಯಾಗಿದ್ದು ನಿನ್ನ ಅದೃಷ್ಟ, ನಿನಗೆ ಗೊತ್ತಿದ್ದದ್ದರಿಂದಲ್ಲ ಎಂದು ಸೊನ್ನೆ ಹಾಕಿದರು. ಆಮೇಲೆ ಎಷ್ಟೋ ಚರ್ಚಾಸ್ಪರ್ಧೆಗಳಲ್ಲಿ ನಾನು ಎದುರಾಳಿಗಳನ್ನು ಕೆಡವಿದ್ದು ಈ ಒಂದೇ ಪಟ್ಟಿನಿಂದ.

ಈಗ ಸಂಘದ ಅಧ್ಯಕ್ಷರಾಗಿರುವವರು ಅವರ ಹಳೆಯ ಶಿಷ್ಯರು, ದೇವನಹಳ್ಳಿ ಕಡೆ ಸೈಟು ಮಾರುವವರು. ಹೊಸ ಕಾರು ಕೊಂಡಾಗ 7777 ನಂಬರನ್ನು ಹಠ ಹಿಡಿದು ಪಡೆದು, ಕಾರನ್ನು ಸ್ಕೂಲಿನ ಅಂಗಳಕ್ಕೆ ತಂದು ನಿಲ್ಲಿಸಿ, ಮೇಷ್ಟ್ರೇ ಹೊರಬಂದು ನೋಡಬೇಕೆಂದು ಹೇಳಿ ಕಳಿಸಿದ್ದರು. ಇಡೀ ತರಗತಿ ಕಿಟಕಿಗೆ ಮುತ್ತಿಕೊಂಡಿತ್ತು. ಮೇಷ್ಟ್ರು ಪ್ಲೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಿವಿಯಿಂದ ಚಾಕ್‌ಪೀಸು ತೆಗೆದರು.

"ಏಳು ಇದೆ, ಹನ್ನೊಂದಿದೆ, ನೂರ ಒಂದಿದೆ. ಅದೃಷ್ಟ ಅನ್ನೋ ಅಪವರ್ತನ ಇಲ್ಲ ಕಣಯ್ಯ. ಕೂಡಿಸಿ ನೋಡಿದ್ರೆ ಇದು ಕೊರತೆ ಸಂಖ್ಯೆ ಬೇರೆ."

ಅಧ್ಯಕ್ಷರು ನಕ್ಕರು. ಕೊರತೆ ಎಂಬ ಮಾತು ಮಾತ್ರ ಅವರಿಗೆ ನಾಟಿತ್ತು ಎಂದು ಆ ವರ್ಷ ಸ್ಕೂಲಿಗೆ ಕೊಡಿಸುತ್ತೇನೆಂದ ಬೆಂಚುಗಳು ಬರದಿದ್ದಾಗ ಗೊತ್ತಾಯಿತು.

ಇನ್ನೊಂದು ಶಿವಗಂಗೆಯದು. ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ ಬೆಟ್ಟದ ಮೆಟ್ಟಿಲು ಎಣಿಸಿ ಎಂದಿದ್ದರು. ಮೇಲೆ ಹೋಗಿ ಕೇಳಿದರೆ ಯಾವ ಇಬ್ಬರ ಲೆಕ್ಕವೂ ಕೂಡಲಿಲ್ಲ. ಸರಾಸರಿ ತೆಗೆದುಬಿಡೋಣ ಸಾರ್ ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ, ನಾನೇನೋ ಚಪ್ಪಲಿ ಹಾಕಿಕೊಂಡು ಗುಡಿಯೊಳಗೆ ಹೋದಂತೆ. ಅರ್ಧ ಮೆಟ್ಟಿಲನ್ನು ಯಾರೂ ಹತ್ತಿಲ್ಲ, ಇರುವುದು ಒಂದೇ ಪೂರ್ಣ ಸಂಖ್ಯೆ, ಅದು ನಮ್ಮ ಒಪ್ಪಂದಕ್ಕೆ ಕಾಯುತ್ತಾ ಕೂತಿಲ್ಲ ಎಂದರು. ನೋಯುವ ಮಂಡಿ ಇಟ್ಟುಕೊಂಡು ಮತ್ತೆ ಕೆಳಗಿಳಿದು, ಎಣಿಸುತ್ತಾ ಹತ್ತಿ ಬಂದರು. ನಾವು ಪುಳಿಯೋಗರೆ ತಿಂದು ಮುಗಿಸಿ ಕಾಯುತ್ತಿದ್ದೆವು.

ಇಂಥ ಮನುಷ್ಯ ಇಪ್ಪತ್ತೆರಡು ವರ್ಷ ತಪ್ಪು ಪಾಠ ಮಾಡಿದರು.

ತಪ್ಪು ಯಾವುದೆಂದು ಹೇಳುತ್ತೇನೆ, ಕಷ್ಟವೇನಿಲ್ಲ. ಎರಡು ಮೂರಲ ಆರು, ಒಂದು ಕೂಡಿಸಿದರೆ ಏಳು. ಏಳು ಅವಿಭಾಜ್ಯ. ಎರಡು, ಮೂರು, ಐದನ್ನು ಗುಣಿಸಿ ಒಂದು ಕೂಡಿಸಿದರೆ ಮೂವತ್ತೊಂದು, ಅದೂ ಅವಿಭಾಜ್ಯ. ಹಾಗೆಯೇ ಏಳನ್ನು ಸೇರಿಸಿಕೊಂಡರೆ ಇನ್ನೂರ ಹನ್ನೊಂದು. ಹನ್ನೊಂದನ್ನೂ ಸೇರಿಸಿದರೆ ಎರಡು ಸಾವಿರದ ಮುನ್ನೂರ ಹನ್ನೊಂದು. ಅವೂ ಅವಿಭಾಜ್ಯಗಳೇ. ಹೀಗೆ ಅವಿಭಾಜ್ಯಗಳನ್ನು ಸಾಲಾಗಿ ಗುಣಿಸಿ ಒಂದು ಕೂಡಿಸಿದಾಗಲೆಲ್ಲ ಹೊಸ ಅವಿಭಾಜ್ಯ ಹುಟ್ಟುತ್ತದೆ, ಏಕೆಂದರೆ ಹಳೆಯವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಶೇಷ ಉಳಿಯಲೇಬೇಕು ಎಂದು ಅವರು ಕಲಿಸಿದರು. ಹದಿನೇಳರವರೆಗೆ ಗುಣಿಸಿ ಒಂದು ಕೂಡಿಸಿ 5,10,511 ಎಂದು ಬೋರ್ಡಿನ ತುಂಬ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಕೈಕಟ್ಟಿ ನಿಲ್ಲುತ್ತಿದ್ದರು. ವರ್ಷಕ್ಕೊಮ್ಮೆ ಅವರ ಹಬ್ಬ ಅದು. ಆ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬರುತ್ತಿದ್ದರು.

ಹದಿನೇಳರವರೆಗೆ ಒಂದು ಶೇಷ ಉಳಿಯುತ್ತದೆ ಎಂಬುದು ನಿಜ. ಆದರೆ ಹದಿನೇಳರ ಆಚೆಯ ಅವಿಭಾಜ್ಯಗಳ ವಿಷಯದಲ್ಲಿ ಯಾರೂ ಮಾತು ಕೊಟ್ಟಿಲ್ಲವಲ್ಲ. ಒಂಬತ್ತನೆಯ ತರಗತಿಯಲ್ಲಿದ್ದ ನಾನು ಆ ಪಾಠ ಕೇಳಿದ ಸಂಜೆ ನಮ್ಮ ಅಂಗಡಿಯಲ್ಲಿ ಕೂತಿದ್ದೆ. ನನ್ನ ಅಬ್ಬಾ ಪವರ್‌ಲೂಮ್ ಬಿಡಿಭಾಗ ಮಾರುತ್ತಾರೆ. ಸೀರೆಯ ಡಿಸೈನಿಗೆ ತೂತು ಹೊಡೆದು ಕೆಟ್ಟುಹೋದ ಜಕಾರ್ಡ್ ರಟ್ಟುಗಳು ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ, ನನ್ನ ರಫ್ ನೋಟುಬುಕ್ಕು ಅವೇ. ಒಂದು ರಟ್ಟಿನಲ್ಲಿ ತೂತುಗಳ ನಡುವೆ ಜಾಗ ಮಾಡಿಕೊಂಡು ಹದಿನೇಳರ ಪಕ್ಕದ ಅವಿಭಾಜ್ಯ ಹತ್ತೊಂಬತ್ತರಿಂದ ಭಾಗಿಸಿದೆ. ಎರಡು, ಆರು, ಎಂಟು, ಆರು, ಒಂಬತ್ತು. ಶೇಷ ಸೊನ್ನೆ. ಮೊದಲನೇ ಏಟಿಗೇ. ಇಪ್ಪತ್ತೆರಡು ವರ್ಷದಲ್ಲಿ ಪಕ್ಕದ ಮನೆಯ ಬಾಗಿಲನ್ನು ಒಬ್ಬರೂ ತಟ್ಟಿರಲಿಲ್ಲ.

ಮರುದಿನ ಎದ್ದು ನಿಂತು ಹೇಳಿದೆ. ಕೂತ್ಕೋ ಎಂದರು. ಮಾಡಿ ನೋಡಿದ್ರಾ ಸಾರ್ ಎಂದು ಕೇಳಿದೆ. ತರಗತಿ ನಕ್ಕಿತು, ಅದೇ ತಪ್ಪಾಯಿತೇನೋ. ಭಾಷಣದಲ್ಲಿ ನಾಲ್ಕು ಕಪ್ಪು ಗೆದ್ದ ಮಾತ್ರಕ್ಕೆ ಗಣಿತ ಬರಲ್ಲ, ಹೊರಗೆ ನಿಂತ್ಕೋ ಎಂದರು. ನಿಂತೆ. ಮರುದಿನವೂ, ಅದರ ಮರುದಿನವೂ. ಗಣಿತದ ಪೀರಿಯಡ್ಡು ಬಂದರೆ ನಾನೇ ಎದ್ದು ಹೊರಗೆ ಹೋಗುತ್ತಿದ್ದೆ, ಅವರು ಬೇಡ ಎನ್ನುತ್ತಿರಲಿಲ್ಲ. ಹನ್ನೊಂದು ದಿನ. ಕಾರಿಡಾರಿನಲ್ಲಿ ಹೋಗುವ ಬರುವ ಟೀಚರುಗಳಿಗೆಲ್ಲ ನಾನು ಎದುರುತ್ತರ ಕೊಡುವ ಹುಡುಗಿಯಾದೆ. ಮನೆಗೆ ದೂರು ಹೋಯಿತು. ಅಬ್ಬಾ ಆ ರಟ್ಟನ್ನು ಈ ಕಡೆ ಆ ಕಡೆ ತಿರುಗಿಸಿ ನೋಡಿ, ಬಿಸಾಡಬೇಡ ಎಂದಷ್ಟೇ ಹೇಳಿದರು.

ಹನ್ನೆರಡನೆಯ ದಿನ ಮೇಷ್ಟ್ರು ಬಾಗಿಲಿಗೆ ಬಂದು ಚಾಕ್‌ಪೀಸು ನನ್ನ ಕೈಗಿಟ್ಟರು. ಬೋರ್ಡಿನ ಮೇಲೆ ಮಾಡಿ ತೋರಿಸಿದೆ. ಅವರು ಉಳಿದದ್ದನ್ನೂ ಒಡೆದು 19, 97, 277 ಎಂದು ಬರೆದು, ಈ ಮೂರೂ ಅವಿಭಾಜ್ಯ, ನಾನು ಹೇಳಿದ್ದು ತಪ್ಪು, ಬರ್ಕೊಳ್ಳಿ ಎಂದರು. ಕ್ಷಮಿಸು ಎನ್ನಲಿಲ್ಲ. ಆ ಹನ್ನೊಂದು ದಿನ ಲೆಕ್ಕ ಮಾಡಿ ನೋಡಲು ಪುರಸೊತ್ತು ಸಿಗಲಿಲ್ವಾ ಸಾರ್ ಎಂದು ಪೀರಿಯಡ್ಡು ಮುಗಿದ ಮೇಲೆ ಕೇಳಿದೆ. ಅವರು ಕನ್ನಡಕ ಒರೆಸುತ್ತಾ ಹೇಳಿದ್ದು ಇದು:

"ನೀನು ಹೇಳಿದ ಸಂಜೇನೇ ಮಾಡ್ದೆ. ಸೊನ್ನೆ ಬಂತು. ಆಮೇಲೆ ದಿನಾ ಮಾಡ್ದೆ, ಒಂದ್ಸಲ ಆದ್ರೂ ಬೇರೆ ಬರುತ್ತೇನೋ ಅಂತ."

ಈ ಮಾತು ಕೇಳಿದವರೆಲ್ಲ ಪಾಪ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಅವರು ಬೇರೆ ಉತ್ತರಕ್ಕಾಗಿ ಕಾದ ಅಷ್ಟೂ ದಿನ ಹೊರಗೆ ನಿಂತಿದ್ದವಳು ನಾನು. ಗೊತ್ತಿಲ್ಲದೆ ಶಿಕ್ಷೆ ಕೊಟ್ಟಿದ್ದರೆ ಮರೆಯುತ್ತಿದ್ದೆ. ಗೊತ್ತಿದ್ದೂ ಕೊಟ್ಟರು.

ಆದರೆ ಮುಂದಿನದನ್ನು ಬಚ್ಚಿಟ್ಟರೆ ನಾನೂ ಆ ಗೋಡೆಯ ಪೇಂಟರೇ ಆಗುತ್ತೇನೆ. ಇಪ್ಪತ್ತೆರಡು ಬ್ಯಾಚುಗಳಿಗೆ ಹೇಳಿಕೊಟ್ಟಿದ್ದನ್ನು ಅವರು ವಾಪಸ್ ತೆಗೆದುಕೊಳ್ಳಲು ಹೊರಟರು. ಹಳೆಯ ಹಾಜರಿ ಪುಸ್ತಕಗಳನ್ನು ಇಟ್ಟುಕೊಂಡು, ಭಾನುವಾರ ಭಾನುವಾರ, ನಿವೃತ್ತಿಯಾದ ಮೇಲೆ ವಾರವೆಲ್ಲ, ಮಗ್ಗದ ಬೀದಿಗಳನ್ನು ಸುತ್ತಿದರು. ಪವರ್‌ಲೂಮ್ ಓಡುತ್ತಿರುವ ಮನೆಯಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಮೊದಮೊದಲು ಬಾಗಿಲಲ್ಲಿ ನಿಂತು ಐದು ಲಕ್ಷದ ಹತ್ತು ಸಾವಿರದ ಎಂದು ಕಿರುಚುತ್ತಿದ್ದರಂತೆ, ಒಳಗಿನವರು ಸಾಲ ವಸೂಲಿಗೆ ಯಾರೋ ಬಂದಿದ್ದಾರೆಂದು ಹಿತ್ತಿಲಿಗೆ ಹೋಗುತ್ತಿದ್ದರಂತೆ. ಆಮೇಲೆ ಲೈನ್‌ಮ್ಯಾನನ್ನು ಕೇಳಿ ಯಾವ ಬೀದಿಗೆ ಯಾವಾಗ ಕರೆಂಟು ಹೋಗುತ್ತದೆಂದು ಬರೆದಿಟ್ಟುಕೊಂಡರು. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ಜನ ಜಗುಲಿಗೆ ಬಂದು ಕೂರುತ್ತಾರೆ. ಆ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಪ್ಯೂನನಿಂದ ಕೇಳಿ ತಂದ ಮೊಪೆಡ್ಡು ಬೀದಿಯೊಳಗೆ ತಿರುಗುತ್ತಿತ್ತು. ಮೇಷ್ಟ್ರು ಬಂದ್ರು, ಇನ್ನು ಕರೆಂಟು ಬರೋದು ಲೇಟು ಎಂಬ ತಮಾಷೆಯೇ ಹುಟ್ಟಿಕೊಂಡಿತು.

ತಪ್ಪಾಯಿತು ಎಂದು ಹೇಳಿ ಹೋಗುವ ಅಭ್ಯಾಸ ಅವರಿಗಿರಲಿಲ್ಲ. ಎದುರಿಗೆ ಕೂತು ಹತ್ತೊಂಬತ್ತರಿಂದ ಭಾಗ ಮಾಡಿಸಬೇಕು. ಮೂವತ್ತು ನಲವತ್ತು ದಾಟಿದವರು, ಮಕ್ಕಳ ಮದುವೆ ಮಾಡಿದವರು, ಜಗುಲಿಯ ಮೇಲೆ ಸೀಮೆಸುಣ್ಣ ಹಿಡಿದು ಭಾಗಾಕಾರ ಮಾಡುತ್ತಿದ್ದರು. ಹೆಚ್ಚಿನವರು ಅವರನ್ನು ಸಾಗಹಾಕಲು ಮಾಡಿದರು, ಆದರೂ ಮಾಡಿದರು. ಭಾಗ ಮಾಡಲು ಒಪ್ಪದೆ ಇದ್ದವರು ಈಗಿನ ಅಧ್ಯಕ್ಷರು. ನೀವು ಹೇಳಿದ ಮೇಲೆ ಮುಗೀತು, ನಂಬ್ತೀನಿ ಸಾರ್ ಎಂದು ಕೈಮುಗಿದರಂತೆ. ಮೇಷ್ಟ್ರು ಅವರ ಮನೆಯ ಸೋಫಾದಿಂದ ಎದ್ದು, ಹೋದ ಸಲವೂ ನೀನು ನಂಬಿದ್ದೆ, ಅದೇ ಅಲ್ವೇನಯ್ಯಾ ರೋಗ ಎಂದು ಕಾಫಿ ಮುಟ್ಟದೆ ಬಂದರು. ಇದನ್ನು ಮೇಷ್ಟ್ರೇ ನನಗೆ ಹೇಳಿದ್ದು.

ಯಾರು ಕಂಡುಹಿಡಿದದ್ದು ಎಂದು ಜನ ಕೇಳಿದರೆ ಒಬ್ಬ ವಿದ್ಯಾರ್ಥಿನಿ ಎನ್ನುತ್ತಿದ್ದರು. ನನ್ನ ಹೆಸರು ಒಮ್ಮೆಯೂ ಇಲ್ಲ. ಹೊರಗೆ ನಿಲ್ಲಿಸುವಾಗ ಇದ್ದ ಹೆಸರು ಮಗ್ಗದ ಬೀದಿಯಲ್ಲಿ ಎಲ್ಲಿ ಕಳೆದುಹೋಯಿತು? ಕಾನೂನು ಓದಲು ಬೆಂಗಳೂರು ಸೇರಿದ ವರ್ಷ ಬಸ್ ಸ್ಟ್ಯಾಂಡಿನ ಅದೇ ಕಲ್ಲುಬೆಂಚಿನ ಮೇಲೆ ಅವರನ್ನು ಹಿಡಿದು ಕೇಳಿದೆ. ಕೋಪ ಬಂದಿದ್ದು ಅವರಿಗೆ.

"ನಿನ್ನ ಹೆಸರು ಹೇಳಿದ್ರೆ ನಿನ್ನನ್ನ ನಂಬ್ತಾರೆ ಕಣೆ. ಭಾಗಾಕಾರ ಯಾರು ಮಾಡ್ತಾರೆ? ನನ್ನನ್ನ ನಂಬಿದ್ದು ಸಾಲದಾ?"

ಜಾಣತನದ ಉತ್ತರ. ಒಪ್ಪಬೇಕೋ ಬೇಡವೋ ಇವತ್ತಿಗೂ ತೀರ್ಮಾನವಾಗಿಲ್ಲ. ಹೆಸರೂ ಹೇಳಿ ಭಾಗಾಕಾರವನ್ನೂ ಮಾಡಿಸಬಹುದಿತ್ತಲ್ಲ ಎಂದು ನಾನು ಎನ್ನುವಷ್ಟರಲ್ಲಿ ಸಾಸಲಿನ ಬಸ್ಸು ಬಂದು ಅವರು ಹತ್ತಿಬಿಟ್ಟರು. ಅದೇ ಕೊನೆ.

ಸ್ಮರಣ ಸಭೆ ಆ ಗೋಡೆಯ ಮುಂದೆಯೇ ನಡೆಯಿತು. ಶಾಮಿಯಾನ, ಕುರ್ಚಿ, ಗುಲಾಬಿ ಹಾರ. ಭಾಷಣ ಬರುವ ಹಳೆಯ ವಿದ್ಯಾರ್ಥಿನಿ ಎಂದು ನನಗೆ ಮೂರು ನಿಮಿಷ ಕೊಟ್ಟಿದ್ದರು. ಹಿಂದಿನ ದಿನವೇ ಅಧ್ಯಕ್ಷರಿಗೆ ಫೋನ್ ಮಾಡಿ ಗೋಡೆ ತಪ್ಪಿದೆ, ಸರಿಪಡಿಸಿ ಎಂದೆ. ಈಗ ಯಾಕಮ್ಮಾ ಅದೆಲ್ಲ, ಎಷ್ಟು ಚೆನ್ನಾಗಿ ಬಂದಿದೆ ನೋಡು, ನೆಗೆಟಿವ್ ಮಾತಾಡಬೇಡ ಎಂದರು. ಸಭೆಯಲ್ಲಿ ಮೈಕು ಹಿಡಿದು, ಒಡೆಯದವು ಹತ್ತೊಂಬತ್ತು, ತೊಂಬತ್ತೇಳು, ಇನ್ನೂರ ಎಪ್ಪತ್ತೇಳು, ಗೋಡೆಯ ಮೇಲಿನದಲ್ಲ ಎಂದೆ. ಅಷ್ಟು ಸಿಟ್ಟು ನನಗೆ ಯಾವ ವೇದಿಕೆಯ ಮೇಲೂ ಬಂದಿಲ್ಲ. ಅವರು ಕೊನೆಯ ವರ್ಷಗಳಿಡೀ ತಿದ್ದಿದ್ದನ್ನು ಒಂದು ಡಬ್ಬ ಪೇಂಟಿನಲ್ಲಿ ಅಳಿಸಿದ್ದೀರಿ, ಇದು ಸ್ಮಾರಕವಲ್ಲ, ಅವರ ಬಾಯಿಗೆ ಹಾಕಿದ ಬೀಗ ಎಂದೆ. ಅಧ್ಯಕ್ಷರು ಅರ್ಧ ಎದ್ದು, ಅಮ್ಮಾ ಇವತ್ತು ಬೇಡ ಎಂದರು. ಹಾಗಾದರೆ ಭಾಗಿಸಿ ತೋರಿಸಿ, ನಾನು ಕೂರುತ್ತೇನೆ ಎಂದೆ. ಅವರು ನಕ್ಕು ಮೈಕಿನವನಿಗೆ ಕೈಸನ್ನೆ ಮಾಡಿದರು. ಮೈಕು ಸತ್ತಿತು.

ನನಗೆ ಗಂಟಲಿದೆ. ಐವತ್ತೊಂದರಲ್ಲಿ ಹತ್ತೊಂಬತ್ತು ಎರಡು ಸಲ, ಉಳಿದದ್ದು ಹದಿಮೂರು ಎಂದು ಶುರುಮಾಡಿದೆ. ನೂರ ಮೂವತ್ತರಲ್ಲಿ ಆರು ಸಲ. ನೂರ ಅರವತ್ತೈದರಲ್ಲಿ ಎಂಟು ಸಲ. ಹಿಂದಿನ ಸಾಲುಗಳಿಂದ ಯಾರೋ ನನ್ನ ಜೊತೆಗೇ ಹೇಳುತ್ತಿದ್ದಾರೆ ಎಂದು ಆಗ ಗೊತ್ತಾಯಿತು. ಮಗ್ಗದ ಬೀದಿಯವರು. ನೂರ ಮೂವತ್ತೊಂದರಲ್ಲಿ ಆರು ಎಂದಾಗ ಹತ್ತಿಪ್ಪತ್ತು ದನಿಗಳಿದ್ದವು. ನೂರ ಎಪ್ಪತ್ತೊಂದರಲ್ಲಿ ಎಂದು ನಾನು ನಿಲ್ಲಿಸಿದೆ. ಒಂಬತ್ತು, ಶೇಷ ಸೊನ್ನೆ ಎಂದು ಅವರೇ ಮುಗಿಸಿದರು. ಅಧ್ಯಕ್ಷರು ಸಮಯದ ಅಭಾವವನ್ನು ನೆನಪಿಸಿ ವಂದನಾರ್ಪಣೆಗೆ ಹೋದರು. ಗೋಡೆ ಹಾಗೆಯೇ ಉಳಿಯಿತು, ಈಗಲೂ ಹಾಗೆಯೇ ಇದೆ.

ಕುರ್ಚಿಗಳನ್ನು ಎತ್ತುವಾಗ ನಾನು ಗೋಡೆಯ ಮುಂದೆ ನಿಂತಿದ್ದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಬಂದು ಪಕ್ಕದಲ್ಲಿ ನಿಂತರು. ಮೇಷ್ಟ್ರ ಮೊದಮೊದಲ ಬ್ಯಾಚಿನವರಂತೆ, ಮನೆಯಲ್ಲಿ ಎರಡು ಮಗ್ಗ. ಆ ಹುಡುಗಿ ನೀನೇನಾ ಎಂದು ಕೇಳಿದರು. ಹೌದು ಎಂದೆ. ಇಷ್ಟು ವರ್ಷದ ಮೇಲೆ ಒಬ್ಬರಿಗಾದರೂ ಗೊತ್ತಾಯಿತಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ. ಅವರಿಗೆ ಅದರಲ್ಲಿ ಆಸಕ್ತಿ ಇದ್ದಂತೆ ಕಾಣಲಿಲ್ಲ.

"ಹತ್ತೊಂಬತ್ತು ಸರಿ. ಇನ್ನೂರ ಎಪ್ಪತ್ತೇಳು ಒಡೆಯಲ್ಲ ಅಂತೀಯಲ್ಲ, ಮಾಡಿ ನೋಡಿದ್ಯಾ?"

ಒಡೆಯಲ್ಲ ಅಕ್ಕಾ ಎಂದೆ. ಯಾರು ಹೇಳಿದ್ದು ಎಂದರು. ಮೇಷ್ಟ್ರು ಎಂದು ನಾಲಿಗೆಯ ತುದಿಗೆ ಬಂದಿತ್ತು.

ನಾನು ಮಾಡಿ ನೋಡಿರಲಿಲ್ಲ. ಹನ್ನೆರಡನೆಯ ದಿನ ಅವರು ಬೋರ್ಡಿನ ಮೇಲೆ ಬರೆದರು, ಬರ್ಕೊಳ್ಳಿ ಎಂದರು, ನಾನು ಬರೆದುಕೊಂಡೆ. ನನ್ನನ್ನು ಹನ್ನೊಂದು ದಿನ ಹೊರಗೆ ನಿಲ್ಲಿಸಿದ ಮನುಷ್ಯನ ಮಾತನ್ನು, ಅವರು ತಪ್ಪು ಮಾಡಿದ್ದಾರೆಂದು ಸಾಬೀತು ಮಾಡಿದ ಅದೇ ಗಳಿಗೆಯಲ್ಲಿ, ನಂಬಿಬಿಟ್ಟಿದ್ದೆ. ಆಮೇಲೆ ಎಷ್ಟು ವೇದಿಕೆಗಳಲ್ಲಿ ಎಷ್ಟು ಜನರಿಗೆ ಈ ಮೂರು ಸಂಖ್ಯೆ ಒಪ್ಪಿಸಿದ್ದೇನೋ. ಇದೇ ಲೇಖನದ ಆರಂಭದಲ್ಲಿ ನಾನು ಬೈದವರ ಸಾಲಿನಲ್ಲಿ ನನಗೂ ಒಂದು ಕುರ್ಚಿ ಹಾಕಬೇಕು.

ಅಕ್ಕ ಸೊಂಟದ ಗಂಟಿನಿಂದ ಸೀಮೆಸುಣ್ಣದ ತುಂಡು ತೆಗೆದು ಕೊಟ್ಟರು. ಸೀರೆ ಎಲ್ಲಿ ಕತ್ತರಿಸಬೇಕೆಂದು ಗುರುತು ಹಾಕುವ ತುಂಡು. ಮೊಳದುದ್ದದ ನೀಲಿ ಅಂಕಿಗಳ ಕೆಳಗೆ, ಯಾರಿಂದಲೂ ಒಡೆಯಲಾಗದ್ದು ಎಂಬ ಸಾಲಿಗೆ ತಾಗಿಸಿ ಇನ್ನೂರ ಎಪ್ಪತ್ತೇಳನ್ನು ಭಾಗಿಸತೊಡಗಿದೆ. ಎರಡರಿಂದ, ಶೇಷ ಒಂದು. ಮೂರರಿಂದ, ಒಂದು. ಐದರಿಂದ ಎರಡು, ಏಳರಿಂದ ನಾಲ್ಕು, ಹನ್ನೊಂದರಿಂದ ಎರಡು. ಹದಿಮೂರರಿಂದ ನಾಲ್ಕು. ಅದರ ಮುಂದಿನ ಹದಿನೇಳನ್ನು ಅದರಿಂದಲೇ ಗುಣಿಸಿದರೆ ಇನ್ನೂರ ಎಪ್ಪತ್ತೇಳನ್ನು ದಾಟುತ್ತದೆ, ಇನ್ನು ಹುಡುಕಬೇಕಾದ್ದಿಲ್ಲ. ಒಡೆಯುವುದಿಲ್ಲ. ಮೇಷ್ಟ್ರು ಹೇಳಿದ್ದು ಸರಿಯಿತ್ತು. ಅದು ನನಗೆ ಅವತ್ತು ಗೊತ್ತಾಯಿತು.

ಶಾಮಿಯಾನದವರು ಗೋಡೆಯ ಮೇಲೆ ಗೀಚಬೇಡಿ ಎಂದು ಕೂಗಿದರು. ಅಕ್ಕ ತಿರುಗಿಯೂ ನೋಡಲಿಲ್ಲ.

"ತೊಂಬತ್ತೇಳು?" ಎಂದರು.

ಕೈ ಪ್ಯಾಂಟಿಗೆ ಒರೆಸಿಕೊಂಡು, ಪಕ್ಕದ ಖಾಲಿ ಜಾಗಕ್ಕೆ ಸರಿದೆ.